ಬ್ಯಾಲೆ ದಿಗ್ಗಜರನ್ನ ಪರಿಚಯ ಮಾಡ್ಕೊಳ್ಳೋದು ಹೇಗೆ: ಒಂದು ಪಾತ್ರ ಹಿಡ್ಕೊಂಡು ಶುರು ಮಾಡಿ

ಬ್ಯಾಲೆ ಮೇಲೆ ಹೊಸದಾಗಿ ಆಸಕ್ತಿ ಬಂದವ್ರು ಸಾಮಾನ್ಯವಾಗಿ ಮಾಡೋ ಕೆಲ್ಸ ಒಂದೇ, ಯೂಟ್ಯೂಬಿಗೆ ಹೋಗಿ ಪ್ರಪಂಚದ ಬೆಸ್ಟ್ ಬ್ಯಾಲೆ ಡ್ಯಾನ್ಸರ್ ಯಾರು ಅಂತ ಹುಡುಕೋದು, ಆಮೇಲೆ ಅರ್ಧ ನಿಮಿಷದ ಕ್ಲಿಪ್ಪುಗಳ ಸುರಿಮಳೆ, ಒಬ್ರು ಗಾಳೀಲೇ ನಿಂತ್ಬಿಟ್ರೇನೋ ಅನ್ನೋ ಹಾಗೆ ಹಾರ್ತಾರೆ, ಇನ್ನೊಬ್ರು ಒಂಟಿ ಕಾಲಲ್ಲಿ 32 ಸುತ್ತು ಹಾಕ್ತಾರೆ, ನೋಡೋಕೆ ಖುಷಿಯಾಗತ್ತೆ, ಆದ್ರೆ ಒಂದು ವಾರ ಕಳೆದ್ರೆ ಒಬ್ರ ಹೆಸ್ರೂ ನೆನಪಿರಲ್ಲ. ಕ್ಲಿಪ್ಪಲ್ಲಿ ಕಾಣೋದು ಮೈಯಿನ ತಾಕತ್ತು ಮಾತ್ರ ಅಲ್ವಾ. ಯಾರು ಕಲಿಸಿದ್ರು, ಯಾವ ಪಾತ್ರ ಯಾವ ವಯಸ್ಸಲ್ಲಿ ಸಿಕ್ತು, ಯಾವ ಕೊರಿಯೋಗ್ರಾಫರ್ ಇವ್ರನ್ನ ಮನಸ್ಸಲ್ಲಿಟ್ಕೊಂಡು ಹೊಸ ಬ್ಯಾಲೆ ಕಟ್ಟಿದ್ರು, ಪೆಟ್ಟು ಬಿದ್ದಾಗ ಏನಾಯ್ತು, ಇದೆಲ್ಲ ಸೇರಿದ್ರೇನೇ ಒಬ್ಬ ಡ್ಯಾನ್ಸರ್ ನಮಗೆ ಪೂರ್ತಿ ಸಿಗೋದು. ಆ ದಾರಿ ಹೇಗೆ ಹಿಡಿಯೋದು ಅಂತ ನಾನು ಮಾಡೋ ಕ್ರಮದಲ್ಲೇ ಬರೀತೀನಿ.

ಮೊದಲ ಹೆಜ್ಜೆ: ಡ್ಯಾನ್ಸರ್‌ನ ಆರಿಸ್ಬೇಡಿ, ಪಾತ್ರ ಆರಿಸಿ

ಇದು ಸ್ವಲ್ಪ ತಿರುಗಾಮುರುಗಾ ಅನ್ಸಬಹುದು. ಆದ್ರೆ ಒಂದೇ ಪಾತ್ರನ ನಾಲ್ಕೈದು ಜನ ಮಾಡಿದ್ದನ್ನ ನೋಡಿದ್ರೆ ಮಾತ್ರ ಯಾರ ವಿಶೇಷ ಏನು ಅಂತ ಕಣ್ಣಿಗೆ ಬೀಳೋದು. ನನ್ನ ಸಲಹೆ ಜಿಸೆಲ್. 1841ರ ಜೂನ್ 28ಕ್ಕೆ ಪ್ಯಾರಿಸ್ ಒಪೆರಾದಲ್ಲಿ ಮೊದಲ ಸಲ ಆಗಿದ್ದು, ಅವತ್ತು ಆ ಪಾತ್ರ ಮಾಡಿದ್ದು ಕಾರ್ಲೊಟ್ಟಾ ಗ್ರಿಸಿ, ಅವತ್ತಿಂದ ಇವತ್ತಿನ ತನಕ ಹೆಚ್ಚುಕಮ್ಮಿ ಎಲ್ಲಾ ದೊಡ್ಡ ಬ್ಯಾಲೆರಿನಾಗಳೂ ಇದನ್ನ ಮಾಡಿದಾರೆ. ಕತೆ ಸರಳ. ಹಳ್ಳಿ ಹುಡುಗಿ ಜಿಸೆಲ್, ಹೃದಯ ವೀಕು, ಆಲ್ಬ್ರೆಕ್ಟ್ ಅನ್ನೋನನ್ನ ಪ್ರೀತಿಸ್ತಾಳೆ, ಅವನು ವೇಷ ಮರೆಸಿಕೊಂಡಿರೋ ಸಿರಿವಂತ, ಬೇರೆಯವಳ ಜೊತೆ ಮದುವೆ ನಿಶ್ಚಯ ಆಗಿರತ್ತೆ, ವಿಷಯ ಬಯಲಾದ ಕೂಡ್ಲೇ ಇವಳಿಗೆ ಬುದ್ಧಿ ಭ್ರಮಣೆಯಾಗಿ ಸಾಯ್ತಾಳೆ. ಎರಡನೇ ಅಂಕದಲ್ಲಿ ಮೋಸ ಹೋಗಿ ಸತ್ತ ಹುಡುಗೀರ ಆತ್ಮಗಳು, ಅವಕ್ಕೆ ವಿಲಿಗಳು ಅಂತಾರೆ, ಕೈಗೆ ಸಿಕ್ಕ ಗಂಡಸರನ್ನ ಸಾಯೋ ತನಕ ಕುಣಿಸ್ತಾವೆ. ಜಿಸೆಲ್ ಬೆಳಕು ಹರಿಯೋವರ್ಗೂ ಆಲ್ಬ್ರೆಕ್ಟ್‌ನ ಕಾಪಾಡ್ತಾಳೆ.

ಇಡೀ ಎರಡು ಗಂಟೆ ಕೂತು ನೋಡೋಕೆ ಆಗ್ದೇ ಇದ್ರೆ ಮೂರು ಜಾಗ ಗುರ್ತು ಮಾಡ್ಕೊಳ್ಳಿ. ಒಂದು, ಮೊದಲ ಅಂಕದ ಕೊನೆ, ಹುಚ್ಚು ಹಿಡಿಯೋ ದೃಶ್ಯ. ಅಲ್ಲಿ ಕಷ್ಟದ ಸ್ಟೆಪ್ ಏನೂ ಇಲ್ಲ, ಆಗ ತಾನೇ ಖುಷೀಲಿ ಕುಣಿದಿದ್ದ ಹೆಜ್ಜೆಗಳನ್ನೇ ಮುರುಕು ಮುರುಕಾಗಿ ಮತ್ತೆ ಮಾಡ್ತಾಳೆ, ಕೂದ್ಲು ಬಿಚ್ಚಿ ಹೋಗಿರತ್ತೆ, ನಟನೆ ಬರ್ದೇ ಇರೋರು ಇಲ್ಲಿ ಸಿಕ್ಕಿ ಬೀಳ್ತಾರೆ. ಎರಡು, ಎರಡನೇ ಅಂಕದಲ್ಲಿ ಸಮಾಧಿಯಿಂದ ಎದ್ದು ಬಂದ ತಕ್ಷಣ ಒಂದು ಕಾಲು ಹಿಂದೆ ಎತ್ತಿ ಗಿರಗಿರ ತಿರುಗೋದು. ಮೂರು, ಅದೇ ಅಂಕದಲ್ಲಿ ಬಹಳ ನಿಧಾನಕ್ಕೆ ಕಾಲು ಮೇಲೆತ್ತೋ ಜಾಗ, ಅಲ್ಲಿ ಕಾಲು ಎಷ್ಟು ಎತ್ತರ ಹೋಯ್ತು ಅಂತ ನೋಡ್ಬೇಡಿ, ತೂಕ ಇಲ್ದೇ ಇರೋ ಆತ್ಮ ಅಂತ ನಿಮಗೆ ಅನ್ಸತ್ತಾ ಅನ್ನೋದಷ್ಟೇ ನೋಡಿ.

ಈಗ ಈ ಮೂರು ಜಾಗನ ಬೇರೆ ಬೇರೆಯವ್ರಲ್ಲಿ ಹುಡುಕಿ. ಗಲೀನಾ ಉಲನೋವಾ ಅವ್ರು ಮಾಸ್ಕೋದ ಬೊಲ್ಶೋಯ್ ಕಂಪನಿ ಜೊತೆ ಮಾಡಿದ ರೆಕಾರ್ಡಿಂಗ್ ಇದೆ, 1956ರದ್ದು, ಆಗ ಅವ್ರಿಗೆ 46 ವರ್ಷ. ಅಲಿಸಿಯಾ ಅಲೊನ್ಸೊ ಅವ್ರದ್ದು ಕ್ಯೂಬಾದಿಂದ. ನತಾಲಿಯಾ ಮಕರೋವಾ ಮತ್ತು ಮಿಖಾಯಿಲ್ ಬರಿಶ್ನಿಕೋವ್ ಜೋಡಿ 1977ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್ ಜೊತೆ ಮಾಡಿದ್ದು ಇದೆ. 2014ರಲ್ಲಿ ರಾಯಲ್ ಬ್ಯಾಲೆಯಲ್ಲಿ ನತಾಲಿಯಾ ಒಸಿಪೋವಾ, ಕಾರ್ಲೋಸ್ ಅಕೋಸ್ಟಾ ಮಾಡಿದ್ದೂ ಇದೆ. ಉಲನೋವಾ ಆದ್ಮೇಲೆ ಕೂಡ್ಲೇ ಒಸಿಪೋವಾ ಅವ್ರದ್ದು ಹಾಕಿ ನೋಡಿ, ಒಬ್ರು ಮೈಯನ್ನೇ ಮರೆಸ್ತಾರೆ, ಇನ್ನೊಬ್ರು ಬಿರುಗಾಳಿ ಥರ ತಿರುಗಿ ಬೆಚ್ಚಿ ಬೀಳಿಸ್ತಾರೆ, ಎರಡೂ ಜಿಸೆಲ್ಲೇ. ಯಾರು ಹೆಚ್ಚು ಅಂತ ತೀರ್ಪು ಕೊಡೋ ಆತುರ ಬೇಡ, ನಿಮ್ಮ ಮನಸ್ಸು ಯಾರ ಕಡೆ ವಾಲ್ತು ಅಂತ ಗಮನಿಸಿದ್ರೆ ಸಾಕು, ಮುಂದಿನ ಹೆಜ್ಜೆಗೆ ಅವ್ರೇ ಬೇಕಾಗಿರೋದು.

ಎರಡನೇದು: ಅವ್ರ ಕರಿಯರ್‌ನ ಒಂದು ಹಾಳೆ ಮೇಲೆ ಬರೀರಿ

ಎಡಗಡೆ ವರ್ಷ ಮತ್ತು ವಯಸ್ಸು, ಬಲಗಡೆ ಏನಾಯ್ತು ಅನ್ನೋದು. ಹುಟ್ಟಿದ್ದು, ಯಾವ ಸ್ಕೂಲು, ಯಾರು ಗುರು, ಯಾವ ಕಂಪನಿಗೆ ಯಾವಾಗ ಸೇರಿದ್ರು, ಮೊದಲ ದೊಡ್ಡ ಪಾತ್ರ ಹೇಗೆ ಸಿಕ್ತು, ಜೊತೆಗಾರ ಯಾರು, ಯಾವಾಗ ಗ್ಯಾಪ್ ಬಂತು, ಯಾವಾಗ ನಿಲ್ಸಿದ್ರು, ಆಮೇಲೆ ಏನ್ಮಾಡಿದ್ರು. ಬರೆದು ಮುಗಿಸಿದ ಮೇಲೆ ವಯಸ್ಸಿನ ಕಾಲಂ ಮಾತ್ರ ಒಂದ್ಸಲ ಮೇಲಿಂದ ಕೆಳಗೆ ಓದಿ. ಅಚ್ಚರಿಗಳೆಲ್ಲ ಅಲ್ಲೇ ಇರೋದು.

ಉದಾಹರಣೆಗೆ ಮಾರ್ಗೋ ಫಾಂಟೇನ್ ಅವ್ರನ್ನೇ ತಗೊಳ್ಳಿ, ನನಗೆ ಬಹಳ ಇಷ್ಟದ ಹಾಳೆ ಇದು. 1919ರಲ್ಲಿ ಇಂಗ್ಲೆಂಡಲ್ಲಿ ಹುಟ್ಟಿದ್ರು. ಲಂಡನ್ನಲ್ಲಿ ನಿನೆಟ್ ಡಿ ವಲ್ವಾ 1931ರಲ್ಲಿ ಕಟ್ಟಿದ್ದ ಕಂಪನಿ, ಅದೇ ಮುಂದೆ ರಾಯಲ್ ಬ್ಯಾಲೆ ಆಗಿದ್ದು, ಅಲ್ಲಿ ಅಲಿಸಿಯಾ ಮಾರ್ಕೋವಾ ತಾರೆಯಾಗಿದ್ರು. 1935ರಲ್ಲಿ ಮಾರ್ಕೋವಾ ಬಿಟ್ಟು ಹೋದಾಗ ದೊಡ್ಡ ಪಾತ್ರಗಳು ಒಂದೊಂದಾಗಿ ಈ ಹದಿನಾರರ ಹುಡುಗಿ ಮೇಲೆ ಬಿದ್ವು. ಜಾಗ ಖಾಲಿ ಆಗಿದ್ದೇ ಅವಕಾಶ. ಯುದ್ಧ ಮುಗಿದು 1946ರ ಫೆಬ್ರವರಿಯಲ್ಲಿ ಲಂಡನ್ನಿನ ಕವೆಂಟ್ ಗಾರ್ಡನ್ ಥಿಯೇಟರ್ ಮತ್ತೆ ಬಾಗಿಲು ತೆಗೆದಾಗ ಸ್ಲೀಪಿಂಗ್ ಬ್ಯೂಟಿಯ ಅರೋರಾ ಫಾಂಟೇನ್ ಅವ್ರೇ. 1949ರಲ್ಲಿ ನ್ಯೂಯಾರ್ಕಲ್ಲಿ ಅದೇ ಅರೋರಾ ಮಾಡಿ ಜಗತ್ತಿಗೆ ಗೊತ್ತಾದ್ರು. ನಾಲ್ಕು ಜನ ರಾಜಕುಮಾರರು ಒಬ್ಬೊಬ್ರಾಗಿ ಕೈ ಹಿಡಿದು ಬಿಡೋವಾಗ ಒಂದೇ ಕಾಲಿನ ತುದೀಲಿ ನಿಲ್ಲೋ ರೋಸ್ ಅಡಾಜಿಯೋ ಅನ್ನೋ ಭಾಗ ಇದೆಯಲ್ಲ, ಅದು ಈ ಬ್ಯಾಲೆಯ ದೊಡ್ಡ ಪರೀಕ್ಷೆ.

ಆಮೇಲೆ ನೋಡಿ, 1961ರ ಹೊತ್ತಿಗೆ ಅವ್ರಿಗೆ 42, ಇನ್ನೇನು ನಿವೃತ್ತಿ ಅಂತ ಎಲ್ರೂ ಅಂದ್ಕೊಂಡಿದ್ರು. ಆ ವರ್ಷ ಜೂನ್ 16ಕ್ಕೆ ಪ್ಯಾರಿಸ್ಸಿನ ಲೆ ಬೂರ್ಜೆ ಏರ್‌ಪೋರ್ಟಲ್ಲಿ ರುಡಾಲ್ಫ್ ನುರೆಯೆವ್ ಸೋವಿಯತ್ ತಂಡ ಬಿಟ್ಟು ಫ್ರಾನ್ಸಲ್ಲೇ ಉಳ್ಕೊಂಡ್ರು, 1962ರ ಫೆಬ್ರವರಿ 21ಕ್ಕೆ ಇಬ್ರೂ ಸೇರಿ ಜಿಸೆಲ್ ಮಾಡಿದ್ರು, ನುರೆಯೆವ್ ಅವ್ರಿಗೆ ಆಗ 23. ಮುಗಿದೇ ಹೋಯ್ತು ಅಂದ್ಕೊಂಡಿದ್ದ ಕರಿಯರ್‌ಗೆ ಇನ್ನೊಂದು ಇಡೀ ಆಯಸ್ಸು ಬಂತು. 1963ರಲ್ಲಿ ಫ್ರೆಡರಿಕ್ ಆಷ್ಟನ್ ಇವರಿಬ್ರಿಗೋಸ್ಕರಾನೇ ಮಾರ್ಗರೀಟ್ ಅಂಡ್ ಆರ್ಮಾಂಡ್ ಕಟ್ಟಿದ್ರು. ಆದ್ರೆ ಹಾಳೇಲಿ ಇನ್ನೊಂದು ಸಾಲು ತಪ್ಪದೇ ಬರೀಬೇಕು, 1964ರಲ್ಲಿ ಫಾಂಟೇನ್ ಅವ್ರ ಗಂಡ, ಪನಾಮಾದ ರಾಜಕಾರಣಿ, ಗುಂಡೇಟು ತಿಂದು ಕೈಕಾಲು ಸ್ವಾಧೀನ ಕಳ್ಕೊಂಡ್ರು, ಆ ಚಿಕಿತ್ಸೆ ಖರ್ಚೂ ಅವ್ರು ಐವತ್ತು ದಾಟಿದ್ಮೇಲೂ ಕುಣೀತಾ ಹೋಗಿದ್ದಕ್ಕೆ ಒಂದು ಕಾರಣ. ಇಷ್ಟು ಗೊತ್ತಾದ್ಮೇಲೆ ಅವ್ರ ಕೊನೇ ವರ್ಷಗಳ ರೆಕಾರ್ಡಿಂಗ್ ನೋಡಿದ್ರೆ ಕಾಲು ಅಷ್ಟು ಮೇಲೆ ಹೋಗಲ್ವಲ್ಲ ಅಂತ ಹೇಳೋಕೆ ಬಾಯೇ ಬರಲ್ಲ.

ಮೂರನೇದು: ರ‍್ಯಾಂಕ್ ಓದೋದು ಕಲೀರಿ

ಕಂಪನಿ ಅಂದ್ರೆ ಏಣಿ. ಅಮೆರಿಕನ್ ಬ್ಯಾಲೆ ಥಿಯೇಟರಲ್ಲಿ ಮೂರು ಮೆಟ್ಲು, ಕೋರ್ ಡಿ ಬ್ಯಾಲೆ ಅಂದ್ರೆ ಗುಂಪಲ್ಲಿ ಕುಣಿಯೋರು, ಸೋಲೋಯಿಸ್ಟ್ ಅಂದ್ರೆ ಒಂಟಿ ಭಾಗ ಸಿಗೋರು, ಪ್ರಿನ್ಸಿಪಾಲ್ ಅಂದ್ರೆ ಮುಖ್ಯ ಪಾತ್ರದವ್ರು. ಪ್ಯಾರಿಸ್ಸಲ್ಲಿ ಐದು, ಕ್ವಾಡ್ರಿಲ್, ಕೋರಿಫೇ, ಸುಜೆ, ಪ್ರೀಮಿಯರ್, ಎಲ್ಲಕ್ಕಿಂತ ಮೇಲೆ ಎತ್ವಾಲ್, ಅಂದ್ರೆ ನಕ್ಷತ್ರ. ಕೆಳಗಿನ ಮೆಟ್ಲುಗಳಿಗೆ ಪರೀಕ್ಷೆ ಪದ್ಧತಿ ಇತ್ತು, ಎತ್ವಾಲ್ ಮಾತ್ರ ಪರೀಕ್ಷೆ ಬರೆದು ಸಿಗಲ್ಲ, ನಿರ್ದೇಶಕರು ಹೆಸರಿಸ್ಬೇಕು, ಎಷ್ಟೋ ಸಲ ಶೋ ಮುಗಿದ ಮೇಲೆ ಸ್ಟೇಜಲ್ಲೇ ಘೋಷಣೆ ಆಗತ್ತೆ.

ಎಷ್ಟು ವರ್ಷ ಯಾವ ಮೆಟ್ಲಲ್ಲಿ ಇದ್ರು ಅಂತ ನೋಡಿದ್ರೆ ಬಹಳಷ್ಟು ಗೊತ್ತಾಗತ್ತೆ. ಸಿಲ್ವಿ ಗಿಲೆಮ್ ಜಿಮ್ನಾಸ್ಟ್ ಆಗಿದ್ದು ಬ್ಯಾಲೆಗೆ ಬಂದವ್ರು, 1984ರಲ್ಲಿ 19 ವರ್ಷಕ್ಕೇ ಎತ್ವಾಲ್, ಹೆಸರಿಸಿದ್ದು ಆಗ ಅಲ್ಲಿ ನಿರ್ದೇಶಕರಾಗಿದ್ದ ನುರೆಯೆವ್. 1989ರಲ್ಲಿ ಪ್ಯಾರಿಸ್ ಬಿಟ್ಟು ಲಂಡನ್ನಿಗೆ ಹೋದ್ರು. ಇನ್ನೊಂದು ಕಡೆ ಮಿಸ್ಟಿ ಕೋಪ್ಲಂಡ್, 13ನೇ ವಯಸ್ಸಿಗೆ ಬ್ಯಾಲೆ ಶುರು ಮಾಡಿದ್ರು, ಬ್ಯಾಲೆ ಲೆಕ್ಕದಲ್ಲಿ ಅದು ತೀರಾ ತಡ, ಎಂಟು ಒಂಬತ್ತಕ್ಕೆ ಶುರು ಮಾಡ್ದೋರೇ ಹೆಚ್ಚು. 2001ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್‌ನ ಕೋರ್‌ಗೆ ಸೇರಿ, 2007ರಲ್ಲಿ ಸೋಲೋಯಿಸ್ಟ್, 2015ರ ಜೂನ್ 30ಕ್ಕೆ ಪ್ರಿನ್ಸಿಪಾಲ್, ಆ ಕಂಪನೀಲಿ ಆ ಸ್ಥಾನಕ್ಕೆ ಬಂದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ. 14 ವರ್ಷ! ನಡುವೆ 2012ರಲ್ಲಿ ಫೈರ್‌ಬರ್ಡ್ ಪಾತ್ರ ಸಿಕ್ಕಾಗ ಮೊಣಕಾಲ ಕೆಳಗಿನ ಮೂಳೆ ಬಿರುಕು ಬಿಟ್ಟು ಆಪರೇಷನ್ನೇ ಆಯ್ತು. ಈ ಎರಡು ಹಾಳೆ ಪಕ್ಕ ಪಕ್ಕ ಇಟ್ಟು ನೋಡಿ, ಬರೀ ಪ್ರತಿಭೆ ಅಳೆಯೋಕೆ ಹೋದ್ರೆ ಈ ಅಂತರ ಅರ್ಥಾನೇ ಆಗಲ್ಲ, ಯಾವ ಕಂಪನಿ, ಯಾರು ನಿರ್ದೇಶಕರು, ಯಾವ ಮೈಬಣ್ಣ ಯಾವ ಮೈಕಟ್ಟನ್ನ ಅವ್ರು ಒಪ್ಕೋತಿದ್ರು ಅನ್ನೋದೂ ಸೇರತ್ತೆ.

ಅಂದ ಹಾಗೆ ಪ್ರೀಮಾ ಬ್ಯಾಲೆರಿನಾ ಅಸ್ಸೊಲೂಟಾ, ಅಂದ್ರೆ ಬ್ಯಾಲೆರಿನಾಗಳಲ್ಲೇ ಸರ್ವಶ್ರೇಷ್ಠೆ, ಅನ್ನೋ ಬಿರುದನ್ನ ಆನ್‌ಲೈನಲ್ಲಿ ಕಂಡ ಕಂಡವ್ರಿಗೆಲ್ಲ ಅಂಟಿಸ್ತಾರೆ, ಅದು ಬಹಳ ಅಪರೂಪಕ್ಕೆ ಕೊಡೋದು, ಅಂಥಾ ಕ್ಯಾಪ್ಷನ್ ಕಂಡ್ರೆ ಒಂದ್ಸಲ ಪರಿಶೀಲಿಸಿ.

ನಾಲ್ಕನೇದು: ಗುರು ಯಾರು ಅಂತ ಹುಡುಕಿ, ದಾರ ಎಲ್ಲಿಂದೆಲ್ಲಿಗೋ ಹೋಗತ್ತೆ

ಬ್ಯಾಲೆ ಪುಸ್ತಕದಿಂದ ಬರಲ್ಲ, ಮೈಯಿಂದ ಮೈಗೆ ದಾಟತ್ತೆ. ನುರೆಯೆವ್ ಮತ್ತು ಬರಿಶ್ನಿಕೋವ್ ಇಬ್ರಿಗೂ ಒಬ್ರೇ ಗುರು, ಲೆನಿನ್‌ಗ್ರಾಡಿನ ಅಲೆಕ್ಸಾಂಡರ್ ಪುಷ್ಕಿನ್ (ಕವಿ ಅಲ್ಲ, ಹೆಸ್ರು ಅದೇ). ಒಬ್ರು ಕಾಡು ಪ್ರಾಣಿ ಥರ ಸ್ಟೇಜಿಗೆ ನುಗ್ಗೋರು, ಇನ್ನೊಬ್ರದ್ದು ಒಂದು ಕೂದಲೆಳೆಯಷ್ಟೂ ಆಚೀಚೆ ಆಗದ ಸ್ವಚ್ಛ ಟೆಕ್ನಿಕ್, ಆದ್ರೂ ಒಂದೇ ಕ್ಲಾಸಿನ ಮಕ್ಕಳು, ಅಂದ್ರೆ ಒಳ್ಳೇ ಗುರು ಎಲ್ರನ್ನೂ ಒಂದೇ ಅಚ್ಚಿಗೆ ಹಾಕಲ್ಲ ಅಂತ ಆಯ್ತು. ಉಲನೋವಾ 1928ರಲ್ಲಿ ಅಗ್ರಿಪ್ಪಿನಾ ವಾಗನೋವಾ ಕೈಕೆಳಗೆ ಕಲಿತು ಹೊರಗೆ ಬಂದ್ರು, ತಾವು ಸ್ಟೇಜ್ ಬಿಟ್ಟ ಮೇಲೆ ಎಕಟೆರಿನಾ ಮಕ್ಸಿಮೋವಾ, ವ್ಲಾದಿಮಿರ್ ವಸಿಲ್ಯೆವ್ ಅವ್ರಿಗೆ ಪಾಠ ಮಾಡಿದ್ರು. ಎನ್ರಿಕೊ ಚೆಕೆಟ್ಟಿ ಅನ್ನೋ ಇಟಲಿಯವ್ರು ಸೇಂಟ್ ಪೀಟರ್ಸ್‌ಬರ್ಗಲ್ಲಿ ಅನ್ನಾ ಪಾವ್ಲೋವಾ, ನಿಜಿನ್ಸ್ಕಿ ಇಬ್ರಿಗೂ ಕಲಿಸಿ, ಮುಂದೆ ಲಂಡನ್ನಲ್ಲಿ ಡಿ ವಲ್ವಾಗೂ ಕಲಿಸಿದ್ರು. ಹೀಗೆ ಎರಡು ಮೂರು ದಾರ ಎಳೆದ್ರೆ ಇಡೀ ಬ್ಯಾಲೆ ಪ್ರಪಂಚ ಒಂದೇ ಮನೆ ಅನ್ಸೋಕೆ ಶುರುವಾಗತ್ತೆ.

ಐದನೇದು: ಕೊರಿಯೋಗ್ರಾಫರ್‌ನ ಮರೀಬೇಡಿ

ಹಳೇ ಪಾತ್ರ ಚೆನ್ನಾಗಿ ಮಾಡೋದು ಒಂದು, ತನಗೋಸ್ಕರ ಒಂದು ಪಾತ್ರ ಹುಟ್ಟೋದು ಇನ್ನೊಂದು. ಮಾರಿಯಾ ಟಾಲ್‌ಚೀಫ್ ಅಮೆರಿಕದ ಓಸೇಜ್ ಸಮುದಾಯದವ್ರು, 1949ರಲ್ಲಿ ಜಾರ್ಜ್ ಬಾಲಂಚಿನ್ ಅವ್ರ ಫೈರ್‌ಬರ್ಡ್ ಮಾಡಿದ್ರು, ನ್ಯೂಯಾರ್ಕ್ ಸಿಟಿ ಬ್ಯಾಲೆ ಶುರುವಾಗಿ ಆಗಿನ್ನೂ ಒಂದೇ ವರ್ಷ, ಆ ಕಂಪನಿಗೆ ಹೆಸ್ರು ಬಂದಿದ್ರಲ್ಲಿ ಆ ಪಾತ್ರದ ಪಾಲು ದೊಡ್ಡದು. ಅದೇ ಬಾಲಂಚಿನ್ 1957ರಲ್ಲಿ ಅಗಾನ್ ಅನ್ನೋ ಬ್ಯಾಲೆಯಲ್ಲಿ ಕಪ್ಪು ವರ್ಣದ ಆರ್ಥರ್ ಮಿಚೆಲ್ ಮತ್ತು ಬಿಳಿ ವರ್ಣದ ಡಯಾನಾ ಆಡಮ್ಸ್ ಅವ್ರನ್ನ ಜೋಡಿ ಮಾಡಿದ್ರು, ಆ ಕಾಲದ ಅಮೆರಿಕದಲ್ಲಿ ಅದು ಸಣ್ಣ ಮಾತಲ್ಲ. ಮಿಚೆಲ್ 1969ರಲ್ಲಿ ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ಕಟ್ಟಿದ್ರು.

ಇದ್ರಲ್ಲಿ ನೋವೂ ಇದೆ. ಕೆನ್ನೆತ್ ಮ್ಯಾಕ್‌ಮಿಲನ್ ತಮ್ಮ ರೋಮಿಯೋ ಅಂಡ್ ಜೂಲಿಯೆಟ್ ಕಟ್ಟಿದ್ದು ಲಿನ್ ಸೀಮೋರ್ ಮತ್ತು ಕ್ರಿಸ್ಟೋಫರ್ ಗೇಬಲ್ ಅವ್ರ ಮೈ ಮೇಲೆ, ರಿಹರ್ಸಲ್ ಎಲ್ಲ ಅವ್ರದ್ದೇ, ಆದ್ರೆ 1965ರ ಫೆಬ್ರವರಿ 9ರ ಮೊದಲ ಶೋ ಫಾಂಟೇನ್, ನುರೆಯೆವ್ ಅವ್ರಿಗೆ ಹೋಯ್ತು. ಪರದೆ 43 ಸಲ ಮತ್ತೆ ಮತ್ತೆ ಎದ್ದಿತಂತೆ. ಹಾಗಾಗಿ ಜೂಲಿಯೆಟ್ ಅಂದ್ರೆ ಫಾಂಟೇನ್ ಅಂತ ಓದಿದಾಗೆಲ್ಲ ಪಕ್ಕದಲ್ಲಿ ಸೀಮೋರ್ ಹೆಸ್ರನ್ನೂ ಬರ್ಕೊಳ್ಳಿ, ಆ ಹೆಜ್ಜೆಗಳಲ್ಲಿ ಅವ್ರ ಮೈಯಿನ ಗುರುತು ಇದೆ.

ಡ್ಯಾನ್ಸರ್‌ಗಳೇ ಪಾತ್ರ ಬದಲಾಯಿಸಿದ್ದೂ ಉಂಟು. ನುರೆಯೆವ್ 1962ರಲ್ಲಿ ರಾಯಲ್ ಬ್ಯಾಲೆಯ ಸ್ವಾನ್ ಲೇಕಲ್ಲಿ ರಾಜಕುಮಾರನಿಗೆ ಒಂದು ನಿಧಾನದ ಸೋಲೋ ಸೇರಿಸಿದ್ರು, ಅಲ್ಲೀ ತನಕ ಹುಡುಗಿ ಎತ್ತೋಕೆ ನಿಂತಿದ್ದ ಗಂಡಸಿಗೆ ಒಂದು ಮನಸ್ಸು ಬಂತು. ಮಾಯಾ ಪ್ಲಿಸೆಟ್ಸ್ಕಾಯಾ ಅವ್ರ ತಂದೇನ 1938ರಲ್ಲಿ ಸ್ಟಾಲಿನ್ ಆಡಳಿತ ಕೊಂದಿತ್ತು, ತಾಯಿ ಕ್ಯಾಂಪ್ ಪಾಲಾಗಿದ್ರು, ಇವ್ರು 1943ರಲ್ಲಿ ಬೊಲ್ಶೋಯ್ ಸೇರಿ ತಾರೆಯಾದ್ರೂ 1956ರ ಲಂಡನ್ ಟೂರಿಗೆ ಸರ್ಕಾರ ಕಳಿಸ್ಲಿಲ್ಲ. ಇಂಥವ್ರು 1967ರಲ್ಲಿ ಕ್ಯೂಬಾದ ಆಲ್ಬರ್ಟೊ ಅಲೊನ್ಸೊ ಕೈಲಿ ಕಾರ್ಮೆನ್ ಸ್ವೀಟ್ ಅನ್ನೋ ಬ್ಯಾಲೆ ಮಾಡಿಸ್ಕೊಂಡ್ರು, ಸಂಗೀತ ಜೋಡಿಸಿದ್ದು ಗಂಡ ರೊಡಿಯೋನ್ ಷೆಡ್ರಿನ್. ಅಧಿಕಾರಿಗಳಿಗೆ ಅದು ಹಿಡಿಸ್ಲಿಲ್ಲ, ಇವ್ರು ಬಿಡ್ಲಿಲ್ಲ. ಇನ್ನು ಸ್ವಾನ್ ಲೇಕಿನ ಆ 32 ಸುತ್ತು ಇದೆಯಲ್ಲ, 1895ರಲ್ಲಿ ಪಿಯೆರಿನಾ ಲೆನ್ಯಾನಿ ಹಾಕಿದ್ಮೇಲೆ ಸಂಪ್ರದಾಯವೇ ಆಗಿದ್ದು, ಅದನ್ನ ಬಿಟ್ಟು ಪ್ಲಿಸೆಟ್ಸ್ಕಾಯಾ ಸ್ಟೇಜ್ ಸುತ್ತ ವೇಗವಾಗಿ ತಿರುಗ್ತಾ ಹೋಗೋರು. ಎಣಿಸೋಕೆ ಕೂತವ್ರಿಗೆ ನಿರಾಸೆ ಆಗಿರಬಹುದು, ಆ ಸುತ್ತು ಹಾಕೋ ಓಡೀಲ್, ಅಂದ್ರೆ ಕಪ್ಪು ಹಂಸದ ಪಾತ್ರಕ್ಕೆ ಏನೂ ಕಮ್ಮಿ ಆಗ್ಲಿಲ್ಲ.

ಆರನೇದು: ಹಳೇ ಫಿಲ್ಮ್ ನೋಡೋವಾಗ

ಪಾವ್ಲೋವಾ ಅವ್ರ ಡೈಯಿಂಗ್ ಸ್ವಾನ್ ತುಣುಕು ಮೂಕಿ ಕಾಲದ್ದು, ಆಗ ಕಮ್ಮಿ ಫ್ರೇಮಲ್ಲಿ ಶೂಟ್ ಮಾಡ್ತಿದ್ರು, ಈಗಿನ ವೇಗದಲ್ಲಿ ಹಾಕಿದ್ರೆ ಗಡಿಬಿಡಿಯಾಗಿ ಕಾಣತ್ತೆ, ಹಾಗನ್ಸಿದ್ರೆ ಪ್ಲೇಬ್ಯಾಕ್ ಸ್ಪೀಡ್ 0.75ಕ್ಕೆ ಇಳಿಸಿ. ಕೈ ನೋಡಿ, ಕಾಲಲ್ಲ. ನಿಜಿನ್ಸ್ಕಿ ಕುಣಿದಿದ್ದು ಫಿಲ್ಮಲ್ಲಿ ಇಲ್ಲವೇ ಇಲ್ಲ, ಅವ್ರದ್ದು ಅಂತ ಓಡಾಡೋ ವಿಡಿಯೋಗಳು ಫೋಟೋ ಜೋಡಿಸಿ ಮಾಡಿದ್ದು. ಅವ್ರ ಸ್ಟೇಜ್ ಕರಿಯರ್ ಹತ್ತೇ ಹತ್ತು ವರ್ಷದ್ದು, 1912ರಲ್ಲಿ ಫಾನ್ ಅನ್ನೋ ಬ್ಯಾಲೆ, 1913ರ ಮೇ 29ಕ್ಕೆ ರೈಟ್ ಆಫ್ ಸ್ಪ್ರಿಂಗ್ ಬ್ಯಾಲೆಯ ಕೊರಿಯೋಗ್ರಫಿ, ಪ್ಯಾರಿಸ್ ಪ್ರೇಕ್ಷಕರ ಗಲಾಟೆ, ಆಮೇಲೆ ಮಾನಸಿಕ ಕಾಯಿಲೆ, 1950ರಲ್ಲಿ ತೀರ್ಕೊಂಡ್ರು. ಇವ್ರ ವಿಷ್ಯದಲ್ಲಿ ಫೋಟೋಗಳನ್ನೇ ನಿಧಾನಕ್ಕೆ ನೋಡ್ಬೇಕು, ಕುತ್ತಿಗೆ ಹೇಗೆ ತಿರುಗಿದೆ, ಬೆರಳು ಹೇಗಿದೆ ಅಂತ.

ಮತ್ತೆ ಗಿಲೆಮ್ ಕಾಲು ಕಿವಿ ಪಕ್ಕ ಹೋಗತ್ತೆ ಅಂತ ಉಲನೋವಾ ಅವ್ರನ್ನ ಕೀಳಾಗಿ ನೋಡೋದು ಬೇಡ. ಅವ್ರ ಕಾಲದಲ್ಲಿ ಅಷ್ಟು ಎತ್ತೋದು ಅಸಭ್ಯ ಅನ್ನೋ ಭಾವನೆ ಇತ್ತು, ಆಯಾ ಕಾಲದ ರುಚಿಗೆ ತಕ್ಕಂತೆ ಮೈ ತಯಾರಾಗತ್ತೆ.

ಏಳನೇದು: ಪೆಟ್ಟು, ವಯಸ್ಸು, ಬಿಟ್ಟ ಮೇಲಿನ ಬದುಕು

ಈ ಭಾಗ ಎಲ್ರೂ ಹಾರಿಸ್ತಾರೆ, ನನಗೆ ಇದೇ ಮುಖ್ಯ. ಅಲಿಸಿಯಾ ಅಲೊನ್ಸೊ ಅವ್ರಿಗೆ ಇಪ್ಪತ್ತರ ಆಸುಪಾಸಲ್ಲೇ ಕಣ್ಣಿನ ರೆಟಿನಾ ಕಳಚಿತು, ಆಪರೇಷನ್ ಮೇಲೆ ಆಪರೇಷನ್, ತಿಂಗಳುಗಟ್ಲೆ ಕಣ್ಣಿಗೆ ಬ್ಯಾಂಡೇಜು, ಅಲ್ಲಾಡದೆ ಮಲಗಿರ್ಬೇಕು ಅಂದ್ರು ಡಾಕ್ಟ್ರು. ಮಲಗಿದ್ದಲ್ಲೇ ಬೆರಳುಗಳಲ್ಲಿ ಜಿಸೆಲ್ ಹೆಜ್ಜೆ ಹಾಕಿ ಪಾತ್ರ ಕಲಿತ್ರು. 1943ರ ನವೆಂಬರ್ 2ಕ್ಕೆ ನ್ಯೂಯಾರ್ಕಲ್ಲಿ ಮಾರ್ಕೋವಾ ಹುಷಾರಿಲ್ಲದಾಗ ಬದಲಿಗೆ ಹೋಗಿ ಅದೇ ಪಾತ್ರ ಮಾಡಿದ್ರು. ಕಣ್ಣು ಪೂರ್ತಿ ಸರಿ ಆಗ್ಲೇ ಇಲ್ಲ, ಸ್ಟೇಜಿನ ಜೋರು ಲೈಟುಗಳನ್ನ ಗುರುತಾಗಿಟ್ಕೊಂಡು ಕುಣೀತಿದ್ರು, ಜೊತೆಗಾರರು ಸರಿಯಾಗಿ ಹೇಳಿದ ಜಾಗದಲ್ಲೇ ನಿಂತಿರ್ಬೇಕಿತ್ತು. ಹೀಗಿದ್ದೂ 1948ರಲ್ಲಿ ಕಂಪನಿ ಕಟ್ಟಿದ್ರು, ಅದೇ ಕ್ಯೂಬಾದ ರಾಷ್ಟ್ರೀಯ ಬ್ಯಾಲೆ ಆಯ್ತು. ಎಪ್ಪತ್ತು ದಾಟಿದ್ಮೇಲೂ ಸ್ಟೇಜ್ ಹತ್ತಿದ್ರು, 2019ರಲ್ಲಿ ಹೋದ್ರು. ಈಗ ಮೊದಲ ಹೆಜ್ಜೇಲಿ ಹೇಳಿದ ಅವ್ರ ಜಿಸೆಲ್ ರೆಕಾರ್ಡಿಂಗ್ ಇನ್ನೊಂದ್ಸಲ ಹಾಕಿ, ಬೇರೇನೇ ಕಾಣತ್ತೆ.

ಪ್ಯಾರಿಸ್ ಒಪೆರಾದಲ್ಲಿ 42ಕ್ಕೆ ನಿವೃತ್ತಿ ಅಂತ ನಿಯಮಾನೇ ಇದೆ. ಅಲೆಸಾಂಡ್ರಾ ಫೆರ್ರಿ 2007ರಲ್ಲಿ ನಿಲ್ಸಿ, ಆರು ವರ್ಷ ಆದ್ಮೇಲೆ ವಾಪಸ್ ಬಂದ್ರು, 2015ರಲ್ಲಿ 52ನೇ ವಯಸ್ಸಲ್ಲಿ ರಾಯಲ್ ಬ್ಯಾಲೆಗೆ ವುಲ್ಫ್ ವರ್ಕ್ಸ್ ಮಾಡಿದ್ರು, ಮುಂದಿನ ವರ್ಷ ನ್ಯೂಯಾರ್ಕಲ್ಲಿ ಮತ್ತೆ ಜೂಲಿಯೆಟ್. ಸುಜಾನ್ ಫ್ಯಾರೆಲ್ ಸೊಂಟದ ಕೀಲು ಬದಲಾಯಿಸಿದ ಮೇಲೂ ವಾಪಸ್ ಬಂದು 1989ರಲ್ಲಿ ವಿದಾಯ ಹೇಳಿದ್ರು. ಬರಿಶ್ನಿಕೋವ್ ದಾರಿ ಇನ್ನೊಂದು ಥರ, 1974ರಲ್ಲಿ ಟೊರಾಂಟೋದಲ್ಲಿ ಸೋವಿಯತ್ ತಂಡ ಬಿಟ್ರು, ಪಶ್ಚಿಮದಲ್ಲಿ ತಾರೆಯಾಗಿ ಉತ್ತುಂಗದಲ್ಲಿದ್ದಾಗಲೇ 1978ರಲ್ಲಿ ಬಾಲಂಚಿನ್ ಹತ್ರ ಹೊಸಬರ ಥರ ಕಲಿಯೋಕೆ ಹೋದ್ರು, 1980ರಿಂದ 1989ರ ತನಕ ಅಮೆರಿಕನ್ ಬ್ಯಾಲೆ ಥಿಯೇಟರ್ ನಡೆಸಿದ್ರು, ಹಾರೋ ವಯಸ್ಸು ಮುಗಿದಾಗ 1990ರಲ್ಲಿ ಮಾರ್ಕ್ ಮಾರಿಸ್ ಜೊತೆ ಸೇರಿ ಆಧುನಿಕ ನೃತ್ಯದ ತಂಡ ಕಟ್ಟಿದ್ರು. ಹೋದದ್ದಕ್ಕೆ ಅಳ್ತಾ ಕೂರ್ದೇ ಉಳಿದ ಮೈಯಿಂದ ಏನು ಸಾಧ್ಯ ಅಂತ ಹುಡುಕಿದ ರೀತಿ ನನಗೆ ಅವ್ರ ಯಾವ ಜಂಪಿಗಿಂತಲೂ ದೊಡ್ಡದು.

ಕೊನೇದಾಗಿ, ಈಗ ಕುಣೀತಿರೋರ ಕಡೆ ಬನ್ನಿ

2014ರಿಂದ ವರ್ಲ್ಡ್ ಬ್ಯಾಲೆ ಡೇ ಅಂತ ವರ್ಷಕ್ಕೊಂದು ದಿನ ದೊಡ್ಡ ಕಂಪನಿಗಳು ತಮ್ಮ ಕ್ಲಾಸು ರಿಹರ್ಸಲ್ಲು ಆನ್‌ಲೈನಲ್ಲಿ ಫ್ರೀಯಾಗಿ ತೋರಿಸ್ತಾವೆ, ಅದರಲ್ಲಿ ಬೆಳಗಿನ ಕ್ಲಾಸ್ ಪೂರ್ತಿ ನೋಡಿ. ಪ್ರಿನ್ಸಿಪಾಲ್ ಆಗಿರೋರೂ ನಿನ್ನೆ ಸೇರಿದವ್ರ ಪಕ್ಕ ಗೋಡೆ ಪಕ್ಕದ ಕಂಬಿ (ಬಾರ್) ಹಿಡ್ಕೊಂಡು ಅದೇ ಪ್ಲಿಯೇಯಿಂದ, ಅಂದ್ರೆ ಮೊಣಕಾಲು ಬಗ್ಗಿಸೋದ್ರಿಂದ ಶುರು ಮಾಡ್ತಾರೆ, ತಿದ್ದಿಸ್ಕೋತಾರೆ. ಥಿಯೇಟರಿಗೋ ಸಿನಿಮಾ ಹಾಲಿನ ಪ್ರಸಾರಕ್ಕೋ ಟಿಕೆಟ್ ತಗೊಳ್ಳೋ ಮುಂಚೆ ಕಂಪನಿಯ ವೆಬ್‌ಸೈಟಲ್ಲಿ ಕಾಸ್ಟ್ ಲಿಸ್ಟ್ ತೆಗೀರಿ, ಒಂದೇ ಬ್ಯಾಲೆಗೆ ನಾಲ್ಕೈದು ಜೋಡಿ ಇರ್ತಾರೆ, ದಿನ ಬದಲಾದ್ರೆ ಜಿಸೆಲ್ಲೂ ಬದಲಾಗ್ತಾಳೆ. ದೊಡ್ಡ ಹೆಸ್ರಿನ ದಿನಾನೇ ಬೇಕು ಅಂತಿಲ್ಲ, ಯಾರಾದ್ರೂ ಮೊದಲ ಸಲ ಆ ಪಾತ್ರ ಮಾಡೋ ದಿನ ಇದ್ರೆ, ಲಿಸ್ಟಲ್ಲಿ ಡೆಬ್ಯೂ ಅಂತ ಹಾಕಿದ್ರೆ, ನಾನಾದ್ರೆ ಅದನ್ನೇ ಆರಿಸ್ತೀನಿ. ಹೆಸ್ರು, ತಾರೀಕು, ರ‍್ಯಾಂಕ್ ಬರೆದು ಅವ್ರಿಗೂ ಒಂದು ಹಾಳೆ ತೆಗೆದಿಡಿ, ಕೆಳಗೆ ಜಾಗ ಬಿಟ್ಟು.